ಬಣ್ಣವಿಲ್ಲದ 56 ತುಂಡಿನ ಮರದ ಬ್ಲಾಕ್ ಸೆಟ್: ಕೊಡಗಿನ ಮನೆಗೆ ತರಬಹುದೇ?

ಕೊಡಗಿನಲ್ಲಿ ಚಿಕ್ಕ ಮಕ್ಕಳಿಗೆ ಆಟದ ಸಾಮಾನು ಕೊಳ್ಳುವವರು ಮೊದಲು ಲೆಕ್ಕ ಹಾಕಬೇಕಾದದ್ದು ಮಳೆಗಾಲವನ್ನು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಗು ಅಂಗಳಕ್ಕೆ ಇಳಿಯುವಂತಿಲ್ಲ. ಕರೆಂಟ್ ಇರುತ್ತದೆಂಬ ಖಾತ್ರಿಯಿಲ್ಲ. ಜೋರು ಮಳೆಗೆ ಜಿಲ್ಲಾಡಳಿತ ರಜೆ ಕೊಟ್ಟರೆ ಅಂಗನವಾಡಿಯೂ ಇಲ್ಲ. ಇಂಥ ದಿನಗಳಲ್ಲಿ ಎರಡರಿಂದ ಏಳು ವರ್ಷದ ಮಗುವಿನ ಮುಂದೆ ಇಡಬಹುದಾದ ವಸ್ತುಗಳಲ್ಲಿ ಬಣ್ಣ ಹಚ್ಚದ ಮರದ ಬ್ಲಾಕ್‌ಗಳಿಗೆ ಸಮನಾದದ್ದು ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಆ ಹೆಸರಿನಲ್ಲಿ ಮಾರಾಟವಾಗುವುದೆಲ್ಲ ಒಂದೇ ಗುಣಮಟ್ಟದ್ದಲ್ಲ. ಅಳತೆ ತಪ್ಪಿದ ಸೆಟ್ ತಂದರೆ ದುಡ್ಡೂ ದಂಡ, ಮಗುವಿನ ಶ್ರಮವೂ ದಂಡ.

ಇಲ್ಲಿ ನೋಡುತ್ತಿರುವುದು ಹಲವು ತಯಾರಕರು ಆನ್‌ಲೈನಿನಲ್ಲಿ ಮಾರುವ ರಬ್ಬರ್ ಮರದ ‘ಯೂನಿಟ್ ಬ್ಲಾಕ್’ ಮಾದರಿಯ ಸೆಟ್. 24 ಯೂನಿಟ್, 10 ಅರ್ಧ ಯೂನಿಟ್, 8 ಡಬಲ್, ನಾಲ್ಕು ಪಟ್ಟು ಉದ್ದದ 2 ಹಲಗೆ, 8 ತ್ರಿಕೋನ, 4 ಕಂಬ, ಹೀಗೆ ಒಟ್ಟು 56 ತುಂಡು. ಒಂದು ಯೂನಿಟ್ಟಿನ ದಪ್ಪ 3.5 ಸೆಂ.ಮೀ., ಅಗಲ 7, ಉದ್ದ 14. ಅಂದರೆ 1:2:4. ಈ ಅನುಪಾತವನ್ನು ಕಳೆದ ಶತಮಾನದ ಆರಂಭದಲ್ಲಿ ನ್ಯೂಯಾರ್ಕಿನ ಶಿಕ್ಷಕಿ ಕ್ಯಾರೊಲಿನ್ ಪ್ರ್ಯಾಟ್ ರೂಪಿಸಿದರು. ಇಂಚಿನಲ್ಲಿದ್ದ ಅವರ ಅಳತೆಯನ್ನೇ ಸೆಂಟಿಮೀಟರಿಗೆ ಹೊಂದಿಸಿಕೊಂಡಿದ್ದಾರೆ. ಸೆಟ್ಟಿನ ಜೀವಾಳವೇ ಈ ಅನುಪಾತ. ಎರಡು ಬ್ಲಾಕನ್ನು ಒಂದರ ಮೇಲೊಂದು ಮಲಗಿಸಿದರೆ ಅಂಚಿನ ಮೇಲೆ ನಿಂತ ಒಂದು ಬ್ಲಾಕಿನ ಎತ್ತರ. ಎರಡನ್ನು ಪಕ್ಕಪಕ್ಕ ಇಟ್ಟರೆ ಒಂದರ ಉದ್ದ. ಅರ್ಧ, ಕಾಲು, ಎರಡರಷ್ಟು ಎಂಬ ಮಾತು ಕಿವಿಗೆ ಬೀಳುವ ಎಷ್ಟೋ ಮೊದಲೇ ಮಗುವಿನ ಕೈಗೆ ಅವು ಗೊತ್ತಾಗಿರುತ್ತವೆ. ಒಂದು ಡಬಲ್ ಕಡಿಮೆ ಬಿದ್ದಾಗ ಎರಡು ಯೂನಿಟ್ ಜೋಡಿಸಿ ಕೆಲಸ ಮುಗಿಸುವ ನಾಲ್ಕು ವರ್ಷದ ಮಗು ಮಾಡುತ್ತಿರುವುದು ಗಣಿತವನ್ನೇ.

ಹಾಗಾಗಿ ಪೆಟ್ಟಿಗೆ ಬಂದ ದಿನವೇ ಅಳತೆ ಪರೀಕ್ಷಿಸಿ, ವಾಪಸು ಕಳಿಸುವ ಅವಧಿ ಮುಗಿಯುವವರೆಗೆ ಕಾಯಬೇಡಿ. ಇದಕ್ಕೆ ಸ್ಕೇಲೂ ಬೇಡ. ಎರಡು ಯೂನಿಟ್ ಮಲಗಿಸಿ ಪೇರಿಸಿ, ಪಕ್ಕದಲ್ಲಿ ಒಂದನ್ನು ಅಂಚಿನ ಮೇಲೆ ನಿಲ್ಲಿಸಿ, ಎರಡೂ ಸೇರುವಲ್ಲಿ ಉಗುರು ಎಳೆಯಿರಿ. ಮೆಟ್ಟಿಲು ತಗುಲಿದರೆ ಅಳತೆ ಕೆಟ್ಟಿದೆ. ಎರಡು ಅರ್ಧವನ್ನು ತುದಿಗೆ ತುದಿ ಹಿಡಿದು ಒಂದು ಯೂನಿಟ್ಟಿನೊಂದಿಗೆ, ಎರಡು ಯೂನಿಟ್ಟನ್ನು ಒಂದು ಡಬಲ್ಲಿನೊಂದಿಗೆ ಹೀಗೇ ನೋಡಿ. ಕೊನೆಗೆ ಹತ್ತು ಯೂನಿಟ್ ಮಲಗಿಸಿ ಗೋಪುರ ಕಟ್ಟಿ. ಕೆಳಗೆ ನೆಲ ಸಮತಟ್ಟಾಗಿದ್ದೂ ಗೋಪುರ ವಾಲಿದರೆ ಬ್ಲಾಕಿನ ಮೇಲ್ಮೈ ಮತ್ತು ತಳ ಸಮಾಂತರವಾಗಿಲ್ಲ ಎಂದರ್ಥ. ಇದು ಉದ್ದ ಅರ್ಧ ಮಿಲಿಮೀಟರ್ ತಪ್ಪಿದ್ದಕ್ಕಿಂತ ದೊಡ್ಡ ದೋಷ. ಸರಿಯಾಗಿಯೇ ಇಟ್ಟ ಗೋಪುರ ಬಿದ್ದರೆ ಮಗುವಿಗೆ ಕಾರಣ ಹುಡುಕಲು ದಾರಿಯೇ ಇರುವುದಿಲ್ಲ. ತನ್ನ ಕೈಯಲ್ಲೇ ತಪ್ಪಿದೆ ಎಂದುಕೊಂಡು ಬಿಟ್ಟುಬಿಡುತ್ತದೆ.

ಅಂಚುಗಳನ್ನೂ ಸವರಿ ನೋಡಿ. ಒಂದೂವರೆ–ಎರಡು ಮಿ.ಮೀ. ಉರುಟಾಗಿ ಮರಳುಕಾಗದ ಹಿಡಿದಿದ್ದರೆ ಸಾಕು. ಸುರಕ್ಷತೆಯ ಹೆಸರಿನಲ್ಲಿ ಸೋಪಿನ ಬಿಲ್ಲೆಯ ಹಾಗೆ ಉರುಟು ಮಾಡಿದ ಬ್ಲಾಕಿನಲ್ಲಿ ಒಂದರ ಮೇಲೊಂದು ಕೂರುವ ಜಾಗವೇ ಕಡಿಮೆಯಾಗಿ ಜಾರುತ್ತದೆ. ಹೊಳೆಯುವ ವಾರ್ನಿಷ್ ಬಳಿದದ್ದೂ ಅಷ್ಟೇ, ನೋಡಲು ಚಂದ, ಕಟ್ಟಲು ಕಷ್ಟ.

ತೂಕ ಇನ್ನೊಂದು ಗುಟ್ಟು ಬಿಟ್ಟುಕೊಡುತ್ತದೆ. ರಬ್ಬರ್ ಮರದ ಒಂದು ಯೂನಿಟ್ ಸುಮಾರು 200 ಗ್ರಾಂ ತೂಗಬೇಕು, ಇಡೀ ಸೆಟ್ 12 ಕೆ.ಜಿ. ಹತ್ತಿರ ಬರಬೇಕು. ‘100 ಪೀಸ್’ ಎಂದು ಬರೆದ ಪೆಟ್ಟಿಗೆ ಒಂದೂವರೆ ಕೆ.ಜಿ. ಇದೆಯೆಂದರೆ ಒಳಗಿರುವುದು ತೀರ ಸಣ್ಣ ತುಂಡುಗಳು ಎಂದು ಬಿಚ್ಚದೆಯೇ ಹೇಳಬಹುದು. ಮೂರು ವರ್ಷದೊಳಗಿನ ಮಕ್ಕಳಿಗೆ ಅವು ಅಪಾಯಕಾರಿಯಾಗಬಹುದು. ಆಟಿಕೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದೇ ಎಂದು ಪರೀಕ್ಷಿಸುವ ಕೊಳವೆಯ ಒಳ ಅಗಲ 31.7 ಮಿ.ಮೀ. ಅದರೊಳಗೆ ಪೂರ್ತಿ ಇಳಿಯುವ ಯಾವ ವಸ್ತುವೂ ಆ ವಯಸ್ಸಿಗೆ ಸಲ್ಲದು. ನಮ್ಮ ಸೆಟ್ಟಿನ ಅತಿ ಸಣ್ಣ ತುಂಡಾದ ತ್ರಿಕೋನವೂ 35 ಮಿ.ಮೀ. ದಪ್ಪವಿರುವುದರಿಂದ ಅದರೊಳಗೆ ಇಳಿಯುವುದಿಲ್ಲ. ಜೊತೆಗೆ ಪೆಟ್ಟಿಗೆಯ ಮೇಲೆ ಐಎಸ್‌ಐ ಗುರುತು ನೋಡಿ. 2021ರ ಜನವರಿ 1ರಿಂದ ಭಾರತದಲ್ಲಿ ಮಾರುವ ಆಟಿಕೆಗಳಿಗೆ ಅದು ಕಡ್ಡಾಯ. ಚನ್ನಪಟ್ಟಣದ ಗೊಂಬೆಗಳಂಥ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯ ಕರಕುಶಲ ವಸ್ತುಗಳಿಗೆ ವಿನಾಯಿತಿ ಇದೆ, ಹಾಗಾಗಿ ಅವುಗಳ ಮೇಲೆ ಗುರುತು ಕಾಣದಿದ್ದರೆ ಗಾಬರಿ ಬೇಡ.

ಇನ್ನು ಮಳೆಯ ವಿಚಾರ. ತೇವ ಕುಡಿದ ಮರ ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ. ಬಯಲುಸೀಮೆಯ ಕಾರ್ಖಾನೆಯಲ್ಲಿ ಒಣಗಿದ ಮರದಲ್ಲಿ ಕೊಯ್ದ 7 ಸೆಂ.ಮೀ. ಅಗಲದ ಬ್ಲಾಕ್ ಕಕ್ಕಡ ತಿಂಗಳ ಮಳೆಯಲ್ಲಿ ಮಡಿಕೇರಿಯ ಮನೆಯೊಳಗೆ ಒಂದು ಮಿ.ಮೀ. ತನಕ ಹಿಗ್ಗಬಹುದು. ಆಗ ಎರಡನ್ನು ಪಕ್ಕಪಕ್ಕ ಇಟ್ಟರೆ 14 ಸೆಂ.ಮೀ. ದಾಟಿ ಎರಡು ಮಿ.ಮೀ. ಹೊರಚಾಚುತ್ತವೆ. ಮಾರ್ಚಿನಲ್ಲಿ ಸರಿಹೊಂದಿದ ಗೋಡೆ ಜುಲೈನಲ್ಲಿ ಹೊಂದದಿರುವುದಕ್ಕೆ ಇದೇ ಕಾರಣ. ತಯಾರಕರನ್ನು ದೂರುವ ಮೊದಲು ಇದನ್ನು ನೆನಪಿಡಿ. ಮಳೆ ನಿಂತು ಮರ ಒಣಗಿದರೆ ಅಳತೆ ತಾನಾಗಿ ಹಿಂದಿರುಗುತ್ತದೆ. ಕೆಲವು ಬ್ಲಾಕ್ ಮಾತ್ರ ಹಿಗ್ಗಿ ಉಳಿದವು ಹಿಗ್ಗದಿದ್ದರೆ, ಮರವನ್ನು ಬೇರೆ ಬೇರೆ ಎಳೆಯ ದಿಕ್ಕಿನಲ್ಲಿ ಸೀಳಿದ್ದಾರೆ ಎಂದರ್ಥ. ಅಂಥ ಸೆಟ್ ಕೊಡಗಿಗೆ ಆಗಿಬರುವುದಿಲ್ಲ.

ರಬ್ಬರ್ ಮರಕ್ಕೆ ಬೂಸು ಬೇಗ ಹಿಡಿಯುತ್ತದೆ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ ಮಂಚದಡಿ ತಳ್ಳಿದರೆ ವಾರದೊಳಗೆ ಬಿಳಿ ಪುಡಿ ಕಾಣುತ್ತದೆ. ತೆರೆದ ಕಪಾಟಿನಲ್ಲಿ, ಗೋಡೆಗೆ ತಾಗದಂತೆ, ಗಾಳಿಯಾಡುವ ಹಾಗೆ ಜೋಡಿಸಿಡಿ. ಒಂದೊಂದು ಆಕಾರಕ್ಕೆ ಒಂದೊಂದು ಜಾಗ ಗೊತ್ತುಮಾಡಿ ಅದರ ನೆರಳುಚಿತ್ರವನ್ನು ಕಪಾಟಿಗೆ ಅಂಟಿಸಿದರೆ ಎತ್ತಿಡುವುದೂ ವಿಂಗಡಿಸುವ ಆಟವಾಗುತ್ತದೆ. ಬೂಸು ಬಂದರೆ ನೀರು ಬೆರೆಸಿದ ವಿನೆಗರಿನಲ್ಲಿ ಬಟ್ಟೆ ಹಿಂಡಿ ಒರೆಸಿ, ಒಣಬಟ್ಟೆಯಿಂದ ಉಜ್ಜಿ, ಒಲೆಯ ಶಾಖ ದೂರದಿಂದ ತಾಗುವಲ್ಲಿ ಹರಡಿ. ಒಲೆಗೆ ತೀರ ಹತ್ತಿರ ಇಟ್ಟರೆ ಸೀಳುಬಿಡುತ್ತವೆ. ನೀರಿನಲ್ಲಿ ಮುಳುಗಿಸಲೇಬಾರದು. ವರ್ಷಕ್ಕೊಮ್ಮೆ, ಮಳೆಗೆ ಮುಂಚೆ, ಜೇನುಮೇಣವನ್ನು ತೆಳ್ಳಗೆ ಸವರಿ ಚೆನ್ನಾಗಿ ಉಜ್ಜಿ ತೆಗೆಯಿರಿ. ಮೇಣ ದಪ್ಪವಾಗಿ ಉಳಿದರೆ ಬ್ಲಾಕ್ ಜಾರುತ್ತದೆ. ಕೊಬ್ಬರಿ ಎಣ್ಣೆ ಬೇಡ, ಅದು ಮರದಲ್ಲಿ ಒಣಗದೆ ಕಮಟು ವಾಸನೆ ಬರುತ್ತದೆ. ಪೇಂಟ್ ಅಂಗಡಿಯ ‘ಬಾಯ್ಲ್ಡ್’ ಅಗಸೆ ಎಣ್ಣೆಯಲ್ಲಿ ಬೇಗ ಒಣಗಲೆಂದು ಲೋಹದ ಲವಣ ಬೆರೆಸಿರುತ್ತಾರೆ, ಮಕ್ಕಳ ವಸ್ತುವಿಗೆ ಅದೂ ಬೇಡ.

ಸಾಮಾನಿನ ಬಗ್ಗೆ ಇಷ್ಟು. ಮಗು ಅದರಿಂದ ಏನು ಕಲಿಯುತ್ತದೆ ಎನ್ನುವುದೇ ಮುಖ್ಯ ವಿಷಯ, ಹೆಚ್ಚು ತಪ್ಪುಗಳಾಗುವುದೂ ಅಲ್ಲೇ.

ಮಕ್ಕಳ ಬ್ಲಾಕ್ ಆಟಕ್ಕೆ ಒಂದು ಕ್ರಮವಿದೆ. ಅಮೆರಿಕದ ಹ್ಯಾರಿಯೆಟ್ ಜಾನ್ಸನ್ 1930ರ ದಶಕದಲ್ಲಿ ಅದನ್ನು ಹಂತಹಂತವಾಗಿ ದಾಖಲಿಸಿದರು. ಮೊದಲು ಮಗು ಬ್ಲಾಕನ್ನು ಹೊತ್ತು ತಿರುಗುತ್ತದೆ, ಕಟ್ಟುವುದಿಲ್ಲ. ಆಮೇಲೆ ಸಾಲು, ಗೋಪುರ. ನಂತರ ಸೇತುವೆ, ಅಂದರೆ ಎರಡರ ಮೇಲೆ ಅಡ್ಡ ಒಂದು. ಬಳಿಕ ನಾಲ್ಕು ಸುತ್ತಲೂ ಮುಚ್ಚಿದ ಬೇಲಿ. ಆಮೇಲೆ ಎಡಬಲ ಸಮನಾದ ವಿನ್ಯಾಸ. ಅಲ್ಲಿಂದ ಮುಂದೆ ಕಟ್ಟಿದ್ದಕ್ಕೆ ಹೆಸರಿಡುವುದು, ಕೊನೆಗೆ ಕಂಡದ್ದನ್ನೇ ಕಟ್ಟುವುದು. ಐದು–ಆರು ವರ್ಷದ ಮಗು ಕಾಫಿ ಕಣ, ಐನ್‌ಮನೆಯ ಕಂಬಗಳ ಸಾಲು, ಹಾರಂಗಿ ಅಣೆಕಟ್ಟೆಯ ಗೇಟುಗಳನ್ನು ಕಟ್ಟತೊಡಗಿದರೆ ಅದು ಕೊನೆಯ ಹಂತ ತಲುಪಿದೆ ಎಂದು ತಿಳಿಯಿರಿ. ಮೊದಲ ಸಲ ಬ್ಲಾಕ್ ಕಂಡ ಐದು ವರ್ಷದ ಮಗುವೂ ಇದೇ ದಾರಿಯಲ್ಲಿ ಬರುತ್ತದೆ, ಬೇಗ ದಾಟುತ್ತದೆ ಅಷ್ಟೇ. ಹಾಗಾಗಿ ದೊಡ್ಡ ಮಗು ಬರೀ ಸಾಲು ಜೋಡಿಸಿತೆಂದು ದಡ್ಡ ಎನ್ನಬೇಡಿ.

ಮಕ್ಕಳ ವೈದ್ಯರು ಬೆಳವಣಿಗೆ ನೋಡಲು ಬಳಸುವುದು ಒಂದಿಂಚಿನ ಘನಗಳನ್ನು. ಹದಿನೆಂಟು ತಿಂಗಳಿಗೆ ಮೂರು–ನಾಲ್ಕರ ಗೋಪುರ, ಎರಡು ವರ್ಷಕ್ಕೆ ಆರು, ಮೂರಕ್ಕೆ ಎಂಟು–ಒಂಬತ್ತು ಮತ್ತು ನೋಡಿ ಮಾಡುವ ಮೂರು ತುಂಡಿನ ಸೇತುವೆ ಎಂಬ ಅಂದಾಜು ಆ ಘನಗಳದ್ದು. ಯೂನಿಟ್ ಬ್ಲಾಕಿನ ತೂಕ, ಗಾತ್ರ ಬೇರೆ. ಅದರ ಗೋಪುರ ಎಣಿಸಿ ಮಗುವಿಗೆ ಅಂಕ ಹಾಕಬಾರದು. ಎರಡು ವರ್ಷವಾದರೂ ಬೆರಳು ತೋರಿಸಿ ಕೇಳದಿದ್ದರೆ, ಎರಡು ಪದ ಜೋಡಿಸಿ ಮಾತಾಡದಿದ್ದರೆ, ಕರೆದರೆ ತಿರುಗದಿದ್ದರೆ ಬ್ಲಾಕ್ ಆಟದಲ್ಲಿ ಉತ್ತರ ಹುಡುಕುತ್ತ ಕೂರದೆ ವೈದ್ಯರಿಗೆ ತೋರಿಸಿ. ಅಂಗನವಾಡಿಗೆ ತಪಾಸಣೆಗೆ ಬರುವ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ತಂಡಕ್ಕೂ ಹೇಳಬಹುದು.

ಸೇತುವೆಯ ಹಂತವನ್ನು ಹತ್ತಿರದಿಂದ ನೋಡಬೇಕು. ಮೂರು ವರ್ಷದ ಮಗು ಎರಡು ಯೂನಿಟ್ ನಿಲ್ಲಿಸುತ್ತದೆ, ನಡುವೆ ಒಂದು ಗೇಣು ಬಿಡುತ್ತದೆ. ಇನ್ನೊಂದು ಯೂನಿಟ್ ತಂದು ಮೇಲಿಡಲು ಹೋದರೆ ಅದು ನಡುವೆ ಬೀಳುತ್ತದೆ. ಮತ್ತೆ ಅದನ್ನೇ ಎತ್ತಿ, ಈ ಸಲ ಗಟ್ಟಿಯಾಗಿ ಒತ್ತಿ ಇಡುತ್ತದೆ. ಮತ್ತೆ ಬೀಳುತ್ತದೆ. ತಿರುಗಿಸಿ ನೋಡುತ್ತದೆ. ಈ ಹೊತ್ತಿಗೆ ಪಕ್ಕದಲ್ಲಿ ಕೂತ ಅಜ್ಜಿಗೋ ಅಪ್ಪನಿಗೋ ಕೈ ತಡೆಯುವುದಿಲ್ಲ, ಕಂಬವನ್ನು ಹತ್ತಿರ ಸರಿಸಿಬಿಡುತ್ತಾರೆ. ಸೇತುವೆಯೇನೋ ನಿಂತಿತು, ಆದರೆ ಅಂತರಕ್ಕೂ ಉದ್ದಕ್ಕೂ ಇರುವ ಸಂಬಂಧ ಮಗುವಿನ ತಲೆಗೆ ಹೋಗುವ ಗಳಿಗೆ ತಪ್ಪಿತು. ಸುಮ್ಮನಿದ್ದರೆ ಮಗು ಒಂದೋ ಕಂಬ ಸರಿಸುತ್ತದೆ, ಇಲ್ಲವೇ ಕಪಾಟಿಗೆ ಹೋಗಿ ಡಬಲ್ ತರುತ್ತದೆ. ಎರಡೂ ಸರಿ. ಈ ಎರಡರಲ್ಲಿ ಯಾವುದನ್ನು ಆರಿಸಿತು ಎನ್ನುವುದರಲ್ಲೇ ಅದರ ಯೋಚನೆಯ ದಾರಿ ಕಾಣುತ್ತದೆ.

ಹಾಗೆಂದು ಸಹಾಯವೇ ಮಾಡಬಾರದೆಂದಲ್ಲ. ಎಷ್ಟು, ಯಾವಾಗ ಎನ್ನುವುದು ಮುಖ್ಯ. 1976ರಲ್ಲಿ ಡೇವಿಡ್ ವುಡ್, ಜೆರೋಮ್ ಬ್ರೂನರ್, ಗೇಲ್ ರಾಸ್ ಮೂರು, ನಾಲ್ಕು, ಐದು ವರ್ಷದ ಮಕ್ಕಳಿಗೆ ಒಂದಕ್ಕೊಂದು ಕೂಡಿಕೊಳ್ಳುವ 21 ಮರದ ತುಂಡುಗಳಿಂದ ಪಿರಮಿಡ್ ಕಟ್ಟುವ ಕೆಲಸ ಕೊಟ್ಟು, ಕಲಿಸುವವರು ಹೇಗೆ ನೆರವಾಗುತ್ತಾರೆಂದು ಗಮನಿಸಿದರು. ಕಟ್ಟಡಕ್ಕೆ ಸಾರುವೆ ಕಟ್ಟಿ, ಗೋಡೆ ಎದ್ದಂತೆ ಬಿಚ್ಚುವ ಆ ರೀತಿಯ ನೆರವಿಗೆ ‘ಸ್ಕ್ಯಾಫೋಲ್ಡಿಂಗ್’ ಎಂಬ ಮಾತು ಬಂದದ್ದು ಆ ಅಧ್ಯಯನದಿಂದ. ಮನೆಯಲ್ಲಿ ಇದನ್ನು ಪಾಲಿಸಲು ಏಣಿಯಂಥ ಒಂದು ಕ್ರಮ ಸಾಕು. ಮಗು ಸಿಕ್ಕಿಹಾಕಿಕೊಂಡರೆ ಮೊದಲು ಕಾಯಿರಿ. ಎರಡು ಮೂರು ಸಲ ಬಿದ್ದ ಮೇಲೆ ಮಗು ಆಟ ಬಿಡುವ ಲಕ್ಷಣ ಕಂಡರೆ ಕಂಡದ್ದನ್ನಷ್ಟೇ ಹೇಳಿ: ‘ಈ ತುದಿ ಕೂತಿದೆ, ಆ ತುದಿಗೆ ಜಾಗ ಸಿಕ್ಕಿಲ್ಲ.’ ಅದೂ ಸಾಲದಿದ್ದರೆ ಕೇಳಿ: ‘ಇದಕ್ಕಿಂತ ಉದ್ದದ್ದು ಇದೆಯಾ ನೋಡು?’ ಇನ್ನೂ ಆಗದಿದ್ದರೆ ನಿಮ್ಮದೇ ಬೇರೆ ಬ್ಲಾಕ್‌ಗಳಲ್ಲಿ ಪಕ್ಕದಲ್ಲೊಂದು ಸೇತುವೆ ಕಟ್ಟಿ, ಮಾತಿಲ್ಲದೆ. ಮಗುವಿನ ಕಟ್ಟಡಕ್ಕೆ ಕೈ ಹಾಕುವುದು ಕೊನೆಯ ಮೆಟ್ಟಿಲು, ಅದೂ ಕೇಳಿದರೆ ಮಾತ್ರ. ಮಗು ಕಟ್ಟುತ್ತ ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಿದ್ದರೆ ತಡೆಯಬೇಡಿ. ಅದು ತನ್ನ ಕೆಲಸವನ್ನು ತಾನೇ ನಡೆಸಿಕೊಳ್ಳುವ ಬಗೆ ಎಂದು ರಷ್ಯದ ಮನೋವಿಜ್ಞಾನಿ ವೈಗೋಟ್‌ಸ್ಕಿ ಗುರುತಿಸಿದ್ದರು.

ಮೇಲೆ, ಕೆಳಗೆ, ನಡುವೆ, ಅಡ್ಡ, ಓರೆ, ಅಂಚು, ಆಚೆ, ಈಚೆ ಎಂಬ ಪದಗಳು ಬ್ಲಾಕ್ ಆಟದಲ್ಲಿ ಬರುವಷ್ಟು ಸಹಜವಾಗಿ ಬೇರೆಲ್ಲೂ ಬರುವುದಿಲ್ಲ. ಅವನ್ನು ಮನೆಮಾತಿನಲ್ಲೇ ಆಡಿ. ಕೊಡವ ತಕ್ಕ್ ಆಗಲಿ, ಅರೆಭಾಷೆ, ಯರವ, ತುಳು, ಮಲಯಾಳ ಆಗಲಿ, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್ ಬರಲೆಂದು ಆಟದ ನಡುವೆ ಭಾಷೆ ಬದಲಿಸಬೇಕಿಲ್ಲ. ‘ನಡುವೆ’ ಎಂದರೇನೆಂದು ಒಂದು ಭಾಷೆಯಲ್ಲಿ ಗಟ್ಟಿಯಾಗಿ ತಿಳಿದ ಮಗುವಿಗೆ ಇನ್ನೊಂದರಲ್ಲಿ ಬೇಕಾಗುವುದು ಹೊಸ ಪದ ಮಾತ್ರ.

ಸೆಟ್ಟಿನ ಜೊತೆ ಬರುವ ಮಾದರಿ ಚಿತ್ರಗಳ ಕಾರ್ಡು ಮತ್ತು ಸ್ಟಿಕ್ಕರ್ ಹಾಳೆ ನನಗೆ ಒಪ್ಪಿಗೆಯಿಲ್ಲ. ಚಿತ್ರ ನೋಡಿ ಕಟ್ಟಿದರೆ ಸ್ಟಿಕ್ಕರ್ ಎಂಬ ಕಟ್ಟಳೆ ಆಟವನ್ನು ಪರೀಕ್ಷೆ ಮಾಡುತ್ತದೆ. ಚಿತ್ರ ಬಿಡಿಸುವುದು ಇಷ್ಟವಿದ್ದ ಮಕ್ಕಳಿಗೆ ಮುಂಚೆಯೇ ಬಹುಮಾನದ ಮಾತು ಕೊಟ್ಟು ಬಿಡಿಸಿದರೆ, ಆಮೇಲೆ ತಾವಾಗಿ ಬಿಡಿಸುವ ಹೊತ್ತು ಕಡಿಮೆಯಾಯಿತೆಂದು ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು 1973ರಲ್ಲೇ ತೋರಿಸಿದ್ದಾರೆ. ‘ಜಾಣ’ ಎಂಬ ಹೊಗಳಿಕೆಗಿಂತ ‘ದೊಡ್ಡದನ್ನು ಕೆಳಗೆ ಇಟ್ಟೆಯಲ್ಲ’ ಎಂದು ಮಾಡಿದ್ದನ್ನೇ ಹೇಳುವುದು ಮೇಲು. ಪೆಟ್ಟಿಗೆಯ ಮೇಲಿನ ‘ಐಕ್ಯೂ ಹೆಚ್ಚಿಸುತ್ತದೆ’ ಎಂಬ ಸಾಲನ್ನು ಕಡೆಗಣಿಸಿ. ಯಾವ ಆಟಿಕೆಯೂ ಆ ಭರವಸೆ ಕೊಡಲಾರದು.

ಒಂದೇ ಸಲಕ್ಕೆ 56ನ್ನೂ ಸುರಿಯುವುದು ಇನ್ನೊಂದು ಸಾಮಾನ್ಯ ತಪ್ಪು. ಮುಂದೆ ನಾಲ್ಕೇ ಆಟಿಕೆ ಇದ್ದಾಗ, ಹದಿನಾರು ಇದ್ದಾಗಿನದಕ್ಕಿಂತ ಪುಟ್ಟ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರೆಂದು ಅಮೆರಿಕದಲ್ಲಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳುತ್ತದೆ. ಎರಡು ವರ್ಷಕ್ಕೆ ಯೂನಿಟ್ ಮತ್ತು ಅರ್ಧ ಸೇರಿ ಹನ್ನೆರಡು ಸಾಕು. ಮೂರಕ್ಕೆ ಡಬಲ್ ಸೇರಿಸಿ, ಸೇತುವೆ ಬಂದ ಮೇಲೆ ತ್ರಿಕೋನ, ಕಂಬ. 56 ಸೆಂ.ಮೀ. ಉದ್ದದ ಹಲಗೆ 800 ಗ್ರಾಂ ದಾಟುತ್ತದೆ, ಕಾಲ ಮೇಲೆ ಬಿದ್ದರೆ ಗಾಯವಾಗುತ್ತದೆ. ಅದನ್ನು ನಾಲ್ಕು ವರ್ಷದವರೆಗೆ ಎತ್ತಿಡಿ. ಬ್ಲಾಕ್ ಎಸೆಯುವಂತಿಲ್ಲ, ಗೋಪುರ ಭುಜಕ್ಕಿಂತ ಎತ್ತರ ಹೋಗುವಂತಿಲ್ಲ, ಬೇರೆಯವರು ಕಟ್ಟಿದ್ದನ್ನು ಕೇಳದೆ ಕೆಡವುವಂತಿಲ್ಲ ಎಂಬ ಮೂರು ನಿಯಮ ಸಾಕು. ತಾನು ಕಟ್ಟಿದ್ದನ್ನು ತಾನೇ ಕೆಡವುವುದು ಮಾತ್ರ ಆಟದ ಭಾಗ, ಬೈಯಬೇಡಿ.

ಜಾಗ ಒಂದು ಮೀಟರ್ ಚೌಕ ಸಿಕ್ಕರೂ ಆದೀತು. ಕಾಫಿ ತೋಟದ ಲೈನ್ ಮನೆಯ ಒಂದು ಕೋಣೆಯಲ್ಲೂ ಜನ ಓಡಾಡದ ಮೂಲೆ ನೋಡಿ ಹಾಕಬಹುದು. ದಪ್ಪ ಚಾಪೆ, ಫೋಮ್ ಮ್ಯಾಟ್ ಮೇಲೆ ಗೋಪುರ ನಿಲ್ಲುವುದಿಲ್ಲ. ಥಂಡಿ ನೆಲವೆಂದು ಮ್ಯಾಟ್ ಹಾಸಿದರೆ ಅದರ ಮೇಲೊಂದು ಪ್ಲೈವುಡ್ ಹಲಗೆ ಇಡಿ, ಮಗು ಮ್ಯಾಟ್ ಮೇಲೆ ಕೂರಲಿ, ಕಟ್ಟಡ ಹಲಗೆಯ ಮೇಲೆ ನಿಲ್ಲಲಿ. ಸಾಧ್ಯವಾದರೆ ಕಟ್ಟಿದ್ದನ್ನು ರಾತ್ರಿ ಹಾಗೇ ಬಿಡಿ. ಮರುದಿನ ಅದಕ್ಕೆ ಸೇರಿಸುವುದರಲ್ಲಿ ಮಗು ಯೋಜನೆ ಹಾಕುವುದನ್ನು ಕಲಿಯುತ್ತದೆ.

ಒತ್ತಿದರೆ ಹಾಡುವ, ಎಬಿಸಿಡಿ ಹೇಳುವ ಪ್ಲಾಸ್ಟಿಕ್ ಆಟಿಕೆಗೂ ಇದಕ್ಕೂ ಹೋಲಿಕೆ ಬೇಡ. ಆಟಿಕೆ ತಾನೇ ಮಾತಾಡಿದಾಗ ಹೆತ್ತವರು ಮಗುವಿನೊಡನೆ ಆಡುವ ಮಾತು ಕಡಿಮೆಯಾಗುತ್ತದೆ ಎಂದು ಅಮೆರಿಕದಲ್ಲಿ 10ರಿಂದ 16 ತಿಂಗಳ ಕೂಸುಗಳ ಮನೆಗಳಲ್ಲಿ ನಡೆದ ಅಧ್ಯಯನದಲ್ಲಿ ಕಂಡುಬಂದಿದೆ.

ಪೂರ್ತಿ ಸೆಟ್ಟಿನ ಬೆಲೆ ಭಾರವೆನಿಸಿದರೆ 24 ಯೂನಿಟ್, 8 ಡಬಲ್, 10 ಅರ್ಧವನ್ನು ಊರಿನ ಬಡಗಿಯಿಂದ ಮಾಡಿಸಿಕೊಳ್ಳಿ. ಆರೇಳು ಮನೆಯವರು ಸೇರಿ ಅಂಗನವಾಡಿಗೆ ಕೊಡಿಸಲೂ ಇದೇ ಒಳ್ಳೆಯ ದಾರಿ. ಮರ ಹಲಸಿನದಾದರೆ ಒಳ್ಳೆಯದು. ಸಿಲ್ವರ್ ಓಕ್ ತೋಟದಲ್ಲೇ ಸಿಗುತ್ತದೆ, ಹಗುರವೂ ಹೌದು, ಆದರೆ ಸಿಬಿರು ಏಳುತ್ತದೆ, ಕೆಲವರ ಚರ್ಮಕ್ಕೆ ಅದರ ಪುಡಿ ತುರಿಕೆ ತರುತ್ತದೆ. ಹಳೆ ಮನೆಯ ತೊಲೆ ಕೊಯ್ಯಿಸುವುದಿದ್ದರೆ ಹಳೆಯ ಪೇಂಟ್, ಗೆದ್ದಲಿನ ಔಷಧಿ ಬಿದ್ದ ಮರ ಬೇಡ. ಹಸಿ ಮರ ಬೇಡವೇ ಬೇಡ, ಇಂಚು ದಪ್ಪಕ್ಕೆ ಒಂದು ವರ್ಷ ನೆರಳಲ್ಲಿ ಒಣಗಬೇಕು. ಕೊನೆಯ ಅಳತೆಗೆ ಕೊಯ್ಯಲು ನವೆಂಬರ್–ಡಿಸೆಂಬರ್ ಸರಿಯಾದ ಕಾಲ. ಮರದ ತೇವ ಆಗ ಮಳೆಗಾಲಕ್ಕೂ ಬೇಸಿಗೆಗೂ ನಡುವೆ ಇರುತ್ತದೆ, ಎರಡೂ ಕಡೆಗೆ ವ್ಯತ್ಯಾಸ ಕಡಿಮೆ.

ಬಡಗಿಗೆ ಎರಡು ಮಾತು ಮರೆಯದೆ ಹೇಳಿ. ಪ್ರತಿ ತುಂಡಿಗೂ ಪೆನ್ಸಿಲ್ ಗೆರೆ ಹಾಕಿ ಕೊಯ್ಯದೆ, ಗರಗಸದ ಮೇಜಿಗೆ 14 ಸೆಂ.ಮೀ.ಗೆ ಒಂದು ತಡೆಗಟ್ಟೆ ಬಿಗಿದು ಎಲ್ಲವನ್ನೂ ಅದಕ್ಕೆ ಒತ್ತಿ ಕೊಯ್ಯಬೇಕು. ಮತ್ತು 28 ಸೆಂ.ಮೀ. ತುಂಡನ್ನು ನಡುವೆ ಸೀಳಿ ಎರಡು ಯೂನಿಟ್ ಮಾಡಬಾರದು. ಬ್ಲೇಡೇ ಮೂರು ಮಿ.ಮೀ. ತಿನ್ನುವುದರಿಂದ ಎರಡೂ ಒಂದೂವರೆ ಮಿ.ಮೀ. ಗಿಡ್ಡವಾಗುತ್ತವೆ, ಡಬಲ್ಲಿಗೆ ಸರಿಹೊಂದುವುದಿಲ್ಲ. ಪಾಲಿಶ್, ಬಣ್ಣ ಯಾವುದೂ ಬೇಡ. 120ನೇ ನಂಬರಿನ ಮರಳುಕಾಗದ, ಆಮೇಲೆ 220, ಮೇಲೆ ತೆಳ್ಳಗೆ ಜೇನುಮೇಣ, ಇಷ್ಟಕ್ಕೇ ನಿಲ್ಲಿಸಲು ಹೇಳಿ.